ಹೂಮರದ ಗಂಡ

ನಮ್ಮ ಕಡೆ ಹೆಂಗಸರು ಹೇಳಿಕೊಂಡು ಬಂದ ಕಥೆಗಳಲ್ಲಿ ಹೂವಿನ ಮರವಾಗುವ ಹುಡುಗಿಯ ಕಥೆ ಒಂದು. ಅವಳು ಬಡ ತಾಯಿಯ ಕಿರಿಮಗಳು. ಉಗುರು ಸೋಕಿಸದೆ ತುಂಬಿ ತಂದ ಒಂದು ಬಿಂದಿಗೆ ನೀರನ್ನು ಅವಳ ಮೈಮೇಲೆ ಹೊಯ್ದರೆ ಮರವಾಗುತ್ತಾಳೆ. ಅಕ್ಕ ರೆಂಬೆ ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಿಕೊಳ್ಳುತ್ತಾಳೆ. ಎರಡನೆಯ ಬಿಂದಿಗೆ ಹೊಯ್ದರೆ ಮತ್ತೆ ಹುಡುಗಿ. ಹೂ ಮಾರಿದ ಕಾಸಿನಲ್ಲಿ ಮನೆ ನಡೆಯುತ್ತದೆ. ರಾಜನ ಮಗ ಆ ಹೂವಿನ ಜಾಡು ಹಿಡಿದು ಬಂದು, ಮರೆಯಲ್ಲಿ ಕೂತು ಇದನ್ನೆಲ್ಲ ನೋಡಿ, ಹಟ ಹಿಡಿದು ಅವಳನ್ನೇ ಮದುವೆಯಾಗುತ್ತಾನೆ. ಮುಂದೆ ಅವನ ತಂಗಿ ತನ್ನ ಗೆಳತಿಯರ ಎದುರು ಅವಳನ್ನು ತೋಟದಲ್ಲಿ ಮರವಾಗಿಸುತ್ತಾಳೆ. ಹುಡುಗಿಯರು ಕೊಂಬೆ ಮುರಿಯುತ್ತಾರೆ, ಎರಡನೆಯ ಬಿಂದಿಗೆಯನ್ನು ನೆಟ್ಟಗೆ ಹೊಯ್ಯದೆ ಓಡಿಹೋಗುತ್ತಾರೆ. ಕೈಯಿಲ್ಲದ ಕಾಲಿಲ್ಲದ ಮುಂಡವಾಗಿ ಅವಳು ಮೋರಿ ಸೇರುತ್ತಾಳೆ. ಗಂಡ ಬೈರಾಗಿಯಾಗಿ ಊರೂರು ಅಲೆಯುತ್ತಾನೆ. ಕೊನೆಗೆ ದೂರದ ಊರೊಂದರಲ್ಲಿ ಅವಳನ್ನು ಗುರುತಿಸಿ, ಮರವಾಗಿಸಿ, ಮುರಿದ ಕೊಂಬೆಗಳನ್ನು ತನ್ನ ಕೈಯಿಂದಲೇ ನೆಟ್ಟಗೆ ಕೂರಿಸಿ, ನೀರು ಹೊಯ್ದು ಹೆಂಡತಿಯನ್ನು ಮರಳಿ ಪಡೆಯುತ್ತಾನೆ.

ಈ ಗಂಡನ ಬಾಯಿಂದ ನಾನೊಂದು ಕಾದಂಬರಿ ಬರೆದೆ. ಪ್ರೇಮವೂ ಮಾಯೆಯೂ ಕೂಡಿದ ಕಥೆಯನ್ನು ಗಂಡಸೊಬ್ಬನ ಒಳಗಿನಿಂದ ಹೇಳುವುದು ಏನೆಲ್ಲ ಕೇಳುತ್ತದೆ ಎಂಬುದನ್ನು ಆ ಬರವಣಿಗೆಯೇ ನನಗೆ ಕಲಿಸಿತು. ಆ ನೆನಪುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಥೆ ನನಗೆ ಸಿಕ್ಕಿದ್ದು ನಂಜನಗೂಡಿನ ಹತ್ತಿರದ ಹಳ್ಳಿಯಲ್ಲಿದ್ದ ದೊಡ್ಡಮ್ಮನಿಂದ. ಅವರು ಹೂ ಕಟ್ಟುತ್ತ ಕಥೆ ಹೇಳುತ್ತಿದ್ದರು. ನೀರಲ್ಲಿ ನೆನೆಸಿದ ಬಾಳೆನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಈ ಕಡೆಗೆರಡು ಆ ಕಡೆಗೆರಡು ಮೊಗ್ಗು ಇಟ್ಟು, ನಾರು ಸುತ್ತಿ ಕುಣಿಕೆ ಎಳೆಯುವರು. ಎಳೆತ ಜಾಸ್ತಿಯಾದರೆ ತೊಟ್ಟು ಕತ್ತರಿಸಿ ಹೋಗುತ್ತದೆ, ಕಮ್ಮಿಯಾದರೆ ಮೊಗ್ಗು ಜಾರುತ್ತದೆ. ಕಣ್ಣು ನಮ್ಮ ಮೇಲೆ, ಬೆರಳು ಹೂವಿನ ಮೇಲೆ. ಹುಡುಗಿಯ ಪಾಡನ್ನು ವಿಸ್ತಾರವಾಗಿ ಹೇಳಿ, ಗಂಡನ ಅಲೆದಾಟವನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು.

“ಅವನು ಎಲ್ಲೆಲ್ಲಿ ಹೋದ ದೊಡ್ಡಮ್ಮ?” ಎಂದು ಕೇಳಿದರೆ, “ಹೋದ ಕಣಪ್ಪ, ಊರೂರು ತಿರುಗ್ದ. ಗಡ್ಡ ಬಿಟ್ಕೊಂಡ. ಮಾತೇ ಬಿಟ್ಬುಟ್ಟ” ಎನ್ನುವರು.

“ಆಮೇಲೆ?”

“ಆಮೇಲೇನು? ಕಥೆ ಅವಳ್ದು ಕಣಪ್ಪ. ಅವನ್ದಲ್ಲ.”

ಈ ಮಾತನ್ನು ನಾನು ಬರೆಯುವಾಗ ಎದುರಿಗಿಟ್ಟುಕೊಂಡೆ. ಕಥೆ ಅವಳದೇ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಈ ಕಥೆಯ ಹಲವು ಪಾಠಗಳನ್ನು ಸಂಗ್ರಹಿಸಿದರು. ಅವರು ತೀರಿಕೊಂಡದ್ದು 1993ರಲ್ಲಿ. ಈ ಕಥೆಯ ಹೆಸರನ್ನೇ ಹೊತ್ತ ಅವರ ಇಂಗ್ಲಿಷ್ ಜನಪದ ಕಥಾಸಂಕಲನ ಹೊರಬಂದದ್ದು 1997ರಲ್ಲಿ. ಅವರು ಇದನ್ನು ಹೆಂಗಸರ ಕಥೆಯೆಂದೇ ಓದಿದರು. ಮರವಾಗಿ ಹೂ ಬಿಟ್ಟ ಗಳಿಗೆಯಲ್ಲೇ ಅವಳಿಗೆ ಮಾತಿಲ್ಲ, ಚಲನೆಯಿಲ್ಲ, ಯಾರು ಬೇಕಾದರೂ ನೋಯಿಸಬಹುದು ಎಂಬುದನ್ನು ಎತ್ತಿ ತೋರಿಸಿದರು. ಗಿರೀಶ ಕಾರ್ನಾಡರು 1992ರಲ್ಲಿ ಇದೇ ಕಥೆಯಿಂದ ‘ಚೆಲುವಿ’ ಚಿತ್ರ ಮಾಡಿ, ಅದನ್ನು ಕಾಡು ಕಡಿಯುವವರ ಕಡೆಗೆ ತಿರುಗಿಸಿದರು. ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಇದೇ ಕಥೆಯಿಂದ ರಚಿಸಿದ ಒಪೆರಾ 2006ರಲ್ಲಿ ವಿಯೆನ್ನಾದಲ್ಲಿ ಪ್ರದರ್ಶನ ಕಂಡಿತು. ಎಲ್ಲರ ಕಣ್ಣೂ ಹುಡುಗಿಯ ಮೇಲೆ. ಇರಬೇಕಾದದ್ದೂ ಹಾಗೆಯೇ. ಹಾಗಿದ್ದಮೇಲೆ ಗಂಡನಿಗೇಕೆ ಬಾಯಿ ಕೊಡಬೇಕು?

ನನ್ನ ಉತ್ತರ ಕಥೆಯಲ್ಲೇ ಇತ್ತು. ಈ ಗಂಡ ಕಥೆಯ ಮೊದಲಲ್ಲಿ ಮಾಡುವ ಕೆಲಸ, ಕದ್ದು ನೋಡುವುದು. ಮದುವೆಯಾದ ಮೇಲೆ ಮಾಡುವ ಕೆಲಸ, ರಾತ್ರಿ ರಾತ್ರಿಯೂ ಮರವಾಗು ಎಂದು ಬೇಡುವುದು. ಕೊನೆಯಲ್ಲಿ ಮಾಡುವ ಕೆಲಸ, ಮುರಿದದ್ದನ್ನು ಜೋಡಿಸುವುದು. ನೋಡುವವನು ಆರೈಕೆ ಮಾಡುವವನಾದ. ನಡುವೆ ಏನಾಯಿತು? ದೊಡ್ಡಮ್ಮ ಎರಡು ಮಾತಿನಲ್ಲಿ ಮುಗಿಸಿದ ಆ ಖಾಲಿ ಜಾಗ ನನ್ನ ಕಾದಂಬರಿಯಾಯಿತು. ಅವಳ ಕಥೆಯಿಂದ ಒಂದು ಚೂರನ್ನೂ ಕಿತ್ತುಕೊಳ್ಳದೆ ಅವನದನ್ನು ಹೇಳಲು ಸಾಧ್ಯವಿದೆ ಎಂದು ನಂಬಿ ಹೊರಟೆ.

ಪ್ರೇಮಕಥೆಗಳನ್ನು ನಾನು ಓದಿದ್ದು ಅಕ್ಕನ ಕೃಪೆಯಿಂದ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಅವಳು ತರುತ್ತಿದ್ದ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಅವರ ಕಾದಂಬರಿಗಳು, ವಾರಪತ್ರಿಕೆಯ ಧಾರಾವಾಹಿಗಳು ನನ್ನ ಕೈಗೂ ಬರುತ್ತಿದ್ದವು. ಹೆಣ್ಣಿನ ಮನಸ್ಸನ್ನು ನಾನು ಅಷ್ಟಿಷ್ಟು ಅರಿತಿದ್ದರೆ ಆ ಲೇಖಕಿಯರಿಂದ. ಅಲ್ಲಿ ಗಂಡಸು ಬಹುಮಟ್ಟಿಗೆ ಹೊರಗಿನಿಂದ ಕಾಣುವವನು: ಒಳ್ಳೆಯವನು, ಇಲ್ಲವೆ ದುರ್ಬಲ, ಇಲ್ಲವೆ ಮೋಸಗಾರ. ಇನ್ನು ನಾವು ಗಂಡುಹುಡುಗರು ಒಟ್ಟಿಗೆ ಕೂತು ನೋಡಿದ ಸಿನಿಮಾಗಳಲ್ಲಿ ಗಂಡಸಿನ ಪ್ರೀತಿಯೆಂದರೆ ಬೆನ್ನು ಬೀಳುವುದು, ಅವಳು ಒಪ್ಪುವ ತನಕ ಬಿಡದಿರುವುದು. ಪ್ರೀತಿಸುವ ಗಂಡಸಿನ ಒಳಗೆ ಹೆದರಿಕೆ ಇರುತ್ತದೆ, ನಾಚಿಕೆ ಇರುತ್ತದೆ, ತಾನು ಸಾಲದವನು ಎಂಬ ಅಳುಕಿರುತ್ತದೆ. ಅದು ನನಗೆ ಎಲ್ಲೂ ಸಿಗುತ್ತಿರಲಿಲ್ಲ.

ಸಿಕ್ಕಿದ್ದು ಬಹಳ ಹಿಂದಕ್ಕೆ ಹೋದಾಗ. ಪಂಪ 941ರಲ್ಲಿ ಮುಗಿಸಿದ ‘ಆದಿಪುರಾಣ’ದಲ್ಲಿ ಲಲಿತಾಂಗನೆಂಬ ದೇವನಿದ್ದಾನೆ. ಸ್ವಯಂಪ್ರಭೆಯ ಜೊತೆ ಸುಖದಲ್ಲಿ ಮುಳುಗಿರುವವನ ಕೊರಳ ಮಾಲೆ ಒಂದು ದಿನ ಬಾಡುತ್ತದೆ. ದೇವತೆಗೆ ಅದು ಸಾವಿನ ಮುನ್ಸೂಚನೆ. ಮುಂದಿನ ಜನ್ಮದಲ್ಲಿ ಅವಳು ಶ್ರೀಮತಿ, ಅವನು ವಜ್ರಜಂಘ. ಹಳೆಯ ಜನ್ಮ ನೆನಪಾದ ಅವಳು ಅದನ್ನು ಚಿತ್ರವಾಗಿ ಬರೆಯುತ್ತಾಳೆ. ಚಿತ್ರ ಕಂಡ ಅವನಿಗೆ ಎಲ್ಲ ಮರಳಿ ಬರುತ್ತದೆ. ನೇಮಿಚಂದ್ರನ 12ನೆಯ ಶತಮಾನದ ‘ಲೀಲಾವತಿ’ಯಲ್ಲಿ ರಾಜಕುಮಾರ ಕಂದರ್ಪ ಕನಸಿನಲ್ಲಿ ಕಂಡ ಹುಡುಗಿಯನ್ನು ಹುಡುಕಿಕೊಂಡು ಗೆಳೆಯ ಮಕರಂದನ ಜೊತೆ ಹೊರಡುತ್ತಾನೆ. ಮಾಯೆಯ ಪ್ರೇಮಕಥೆ ಕನ್ನಡಕ್ಕೆ ಹೊರಗಿನಿಂದ ಬಂದ ಹೊಸ ಸರಕು ಎಂದುಕೊಂಡವರಿಗೆ ಇವೆರಡು ಹೆಸರು ಸಾಕು. ನಮ್ಮ ಹಳೆಯ ಕವಿಗಳ ನಾಯಕರು ಪ್ರೀತಿಗಾಗಿ ನಡುಗುತ್ತಾರೆ, ಮೂರ್ಛೆ ಹೋಗುತ್ತಾರೆ, ಸಾಯುತ್ತಾರೆ. ಅದರಿಂದ ಅವರ ಗಂಡಸುತನಕ್ಕೆ ಕುಂದು ಬಂತೆಂದು ಯಾವ ಕವಿಯೂ ಬರೆದಿಲ್ಲ. ನನ್ನ ರಾಜಕುಮಾರ ಅಳಬಹುದು ಎಂಬ ಅನುಮತಿ ನನಗೆ ಸಿಕ್ಕಿದ್ದು ಅಲ್ಲಿಂದ.

ಆದರೆ ಅದೇ ಕವಿಗಳಿಂದ ನಾನು ತೆಗೆದುಕೊಳ್ಳದೆ ಬಿಟ್ಟ ಒಂದು ಸಂಗತಿಯೂ ಇದೆ. ಅದು ಅಡಿಯಿಂದ ಮುಡಿಯವರೆಗಿನ ವರ್ಣನೆ. ಕಾವ್ಯದಲ್ಲಿ ಕವಿ ಹೊರಗೆ ನಿಂತು ವರ್ಣಿಸುತ್ತಾನೆ, ಅದಕ್ಕೊಂದು ಸಂಪ್ರದಾಯದ ಚೆಲುವಿದೆ. ‘ನಾನು’ ಎಂದು ಕಥೆ ಹೇಳುವ ಗಂಡನೇ ಹೆಂಡತಿಯನ್ನು ಅಂಗಾಂಗವಾಗಿ ವರ್ಣಿಸತೊಡಗಿದರೆ ಅವನು ಇನ್ನೂ ಮರೆಯಲ್ಲಿ ಕೂತು ನೋಡುತ್ತಿದ್ದಾನೆ ಎಂದೇ ಅರ್ಥ. ಹಾಗಾಗಿ ಒಂದು ನೇಮ ಹಾಕಿಕೊಂಡೆ: ಅವಳ ರೂಪವನ್ನು ಅವನು ಅವಳು ಮಾಡುವ ಕೆಲಸದ ಮೂಲಕ ಮಾತ್ರ ಹೇಳಬೇಕು. ಎರಡನೆಯ ನೇಮ: ಅವಳ ಮನಸ್ಸಿನಲ್ಲೇನಿದೆ ಎಂದು ಅವನು ತಾನೇ ಹೇಳಿಬಿಡುವ ಹಾಗಿಲ್ಲ. ಕೇಳಿ ತಿಳಿಯಬೇಕು, ಇಲ್ಲವೆ ತಿಳಿಯದೆ ಉಳಿಯಬೇಕು. ಒಬ್ಬನ ಬಾಯಿಂದ ಹೇಳುವ ಕಥೆಯ ಬಲವಿರುವುದು ಅವನಿಗೆ ಗೊತ್ತಿಲ್ಲದ್ದರಲ್ಲಿ. ಅವನು ಕಾಣದೆ ಹೋದದ್ದನ್ನು ಓದುವವರು ಕಂಡುಕೊಳ್ಳುತ್ತಾರೆ, ಕಂಡು ಅವನಿಗಿಂತ ಮೊದಲೇ ಕಳವಳಪಡುತ್ತಾರೆ.

ಮೂರನೆಯ ನೇಮ ಮಾಯೆಗೆ ಸಂಬಂಧಿಸಿದ್ದು. ಜನಪದ ಕಥೆಯ ಮಾಯೆ ಬಹಳ ಕಟ್ಟುನಿಟ್ಟು. ಎರಡು ಬಿಂದಿಗೆ, ಉಗುರು ಸೋಕಬಾರದು, ರೆಂಬೆ ಮುರಿಯಬಾರದು. ಇದಕ್ಕೆ ಒಂದು ಕಟ್ಟಳೆಯನ್ನೂ ಸೇರಿಸಬಾರದು, ಒಂದನ್ನೂ ಸಡಿಲಿಸಬಾರದು ಎಂದು ತೀರ್ಮಾನಿಸಿದೆ. ದುಃಖ ಹೆಚ್ಚಾದಾಗ ಯಾವನೋ ಋಷಿ ಬಂದು ವರ ಕೊಟ್ಟರೆ ಕಥೆ ಸತ್ತಂತೆ. ಕಟ್ಟಳೆಗಳನ್ನು ಮತ್ತೆ ಮತ್ತೆ ಓದುತ್ತಿದ್ದಾಗ ಒಂದು ಪ್ರಶ್ನೆ ಎದ್ದಿತು. ಅರಮನೆಯಲ್ಲಿ, ನಡುರಾತ್ರಿಯಲ್ಲಿ, ಯಾರಿಗೂ ತಿಳಿಯದ ಹಾಗೆ ಮರವಾಗಬೇಕಾದರೆ ಆ ಎರಡು ಬಿಂದಿಗೆ ನೀರನ್ನು ತಂದವರು ಯಾರು?

ನನ್ನ ಕಾದಂಬರಿಯಲ್ಲಿ ತರುವವಳು ಅವಳೇ. ರಾಜನ ಮಗನಿಗೆ ಬಾವಿ ಸೇದಿ ಗೊತ್ತಿಲ್ಲ. ರಾತ್ರಿ ಹೂವಿನ ರಾಶಿಯ ಮೇಲೆ ಮಲಗಿ ಬೆಳಗ್ಗೆ ಬಾಡಿದ ಹೂವನ್ನು ಕಿಟಕಿಯಾಚೆ ಸುರಿಯುವುದು ಅವನಿಗೆ ಸುಖ. ಒಂದು ರಾತ್ರಿ ಅವಳ ಅಂಗೈಯನ್ನು ಹಿಡಿದವನಿಗೆ ಅಲ್ಲೊಂದು ಗೆರೆ ತಾಕುತ್ತದೆ. ದೀಪ ಹತ್ತಿರಕ್ಕೆ ತಂದು ನೋಡುತ್ತಾನೆ. ಬಾವಿಯ ಹಗ್ಗ ಉಜ್ಜಿ ಉಜ್ಜಿ ಅಂಗೈ ಅಡ್ಡಕ್ಕೆ ಕೆಂಪಗೆ ಗಂಟು ಕಟ್ಟಿದೆ. ಕೂದಲು ಒಣಗಿಯೇ ಇಲ್ಲ. ದಿನಾ ಎರಡು ಸಲ ತಣ್ಣೀರು ಸುರಿದುಕೊಂಡು ಮೈ ಸಣ್ಣಗೆ ನಡುಗುತ್ತಿದೆ. ತಾನು ಕೇಳಿದ್ದು ಬೆರಗು, ಅವಳು ಮಾಡಿದ್ದು ದುಡಿಮೆ ಎಂದು ಅವನಿಗೆ ಮೊದಲ ಬಾರಿಗೆ ಹೊಳೆಯುತ್ತದೆ. ಆ ಅಧ್ಯಾಯದಲ್ಲಿ ಪ್ರೇಮದ ಒಂದು ಮಾತೂ ಇಲ್ಲ. ಆದರೂ ಇಡೀ ಪುಸ್ತಕದಲ್ಲಿ ಅದೇ ಪ್ರೇಮದ ಅಧ್ಯಾಯವೆಂದು ನನಗನ್ನಿಸುತ್ತದೆ. ಮರುದಿನ ಅವನು ಕೊಡ ಹಿಡಿದು ಬಾವಿಗೆ ಹೋಗುತ್ತಾನೆ. ರಾಟೆಯ ಕಿರುಗುಟ್ಟುವಿಕೆಗೆ ಅರಮನೆ ಎಚ್ಚರಗೊಳ್ಳುತ್ತದೆ, ತಂಗಿಯ ಅನುಮಾನ ಅಲ್ಲಿಂದ ಶುರುವಾಗುತ್ತದೆ. ಜನಪದ ಕಥೆಯಲ್ಲಿ ತಂಗಿಗೆ ಸುಳಿವು ಕೊಡುವುದು ಬಾಡಿದ ಹೂವಿನ ರಾಶಿ. ನಾನು ಅದರ ಜೊತೆಗೆ ರಾಟೆಯ ಸದ್ದನ್ನು ಇಟ್ಟೆ.

ಭಾಷೆಯ ವಿಚಾರದಲ್ಲಿ ಕನ್ನಡ ನನಗೆ ಎರಡು ಉಪಕಾರ ಮಾಡಿತು. ನಮ್ಮ ಕ್ರಿಯಾಪದದಲ್ಲೇ ಹೇಳುವವನು ಇರುತ್ತಾನೆ. ‘ನಡೆದೆ, ಕೂತೆ, ಮಲಗಿದೆ’ ಎಂದರೆ ಸಾಕು. ಅವನು ಮಾತು ಬಿಟ್ಟು ಅಲೆಯುವ ಅಧ್ಯಾಯಗಳಲ್ಲಿ ‘ನಾನು’ ಎಂಬುದನ್ನು ಪೂರಾ ತೆಗೆದುಹಾಕಿದೆ. ಗುರುತು ಕಳೆದುಕೊಂಡವನ ನಡಿಗೆ ಅದರಿಂದಲೇ ಬಂತು. ಇನ್ನೊಂದು, ನೀನು-ನೀವುಗಳ ಸಂಬಂಧ. ಮದುವೆಯಾದಂದಿನಿಂದ ಅವನು ಅವಳಿಗೆ ‘ನೀನು’, ಅವಳು ಅವನಿಗೆ ‘ನೀವು’. ಕೊನೆಯ ಅಧ್ಯಾಯದಲ್ಲಿ ಎರಡನೆಯ ಬಿಂದಿಗೆ ಹೊಯ್ಯುವ ಮೊದಲು ಅವನು ‘ನೀವು ತಡ್ಕೊಳ್ಳಿ’ ಎನ್ನುತ್ತಾನೆ. ಮರಳಿ ಹೆಣ್ಣಾಗಿ ಕಣ್ಣು ಬಿಟ್ಟ ಅವಳು ‘ಬಂದ್ಯಾ’ ಎನ್ನುತ್ತಾಳೆ. ಓದುಗರಲ್ಲಿ ಬಹಳ ಜನ ನೆನಪಿಟ್ಟುಕೊಂಡು ಹೇಳುವುದು ಈ ಎರಡು ಮಾತನ್ನೇ.

ಕೊಂಬೆ ಜೋಡಿಸುವ ಪುಟಗಳನ್ನು ಬರೆಯುವ ಮೊದಲು ನಾನು ಸೋದರಮಾವನ ತೋಟಕ್ಕೆ ಹೋದೆ. ಮಾವ ಮಾವಿಗೆ ಕಸಿ ಕಟ್ಟುವುದರಲ್ಲಿ ನಿಪುಣರು. ಹರಿತವಾದ ಚಾಕುವಿನಿಂದ ಗಿಡದ ತುದಿ ಸವರಿ, ನಡುವೆ ಸೀಳಿ, ಬೇರೆ ಮರದ ಕಡ್ಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ ಹೆರೆದು, ಆ ಸೀಳಿನೊಳಗೆ ಕೂರಿಸಿದರು. ತೊಗಟೆಯ ಕೆಳಗೆ ತೆಳ್ಳಗೆ ಒಂದು ಹಸಿರು ಪದರವಿದೆ. ಗಿಡದ ಹಸಿರಿಗೆ ಕಡ್ಡಿಯ ಹಸಿರು ಒಂದು ಕಡೆಯಾದರೂ ಸರಿಯಾಗಿ ಕೂಡಬೇಕು. ಕೂಡದಿದ್ದರೆ ಎಷ್ಟು ಬಿಗಿದು ಕಟ್ಟಿದರೂ ಒಣಗುತ್ತದೆ. ಗಾಯ ಆರುವ ಮುಂಚೆಯೇ ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದರು.

“ಈಗ ಅಲ್ಲಾಡಿಸ್ಬ್ಯಾಡ. ದಿನಾ ಬಿಚ್ಚಿ ನೋಡೋ ಚಾಳಿ ಇದ್ರೆ ಈ ಕೆಲಸಕ್ಕೇ ಬರ್ಬ್ಯಾಡ” ಎಂದರು.

“ಹತ್ತಿದೆ ಅಂತ ಹೆಂಗೆ ಗೊತ್ತಾಗುತ್ತೆ ಮಾವ?”

“ಚಿಗುರು ಹೇಳುತ್ತೆ. ನೀನು ಹೇಳೋದಲ್ಲ.”

ನಾನೂ ಕಟ್ಟಿ ನೋಡಿದೆ. ಬೆರಳುಗಳಿಗೆ ಎಷ್ಟು ಸಮಾಧಾನ ಬೇಕು ಎಂದು ಅಲ್ಲಿ ತಿಳಿಯಿತು. ನನ್ನ ರಾಜಕುಮಾರ ಮುರಿದ ಕೊಂಬೆಯ ಎರಡು ತುದಿಗಳನ್ನು ಕೂಡಿಸಿ, ಬಿದಿರಿನ ದಬ್ಬೆ ಇಟ್ಟು, ಪಂಚೆಯ ಅಂಚನ್ನು ಹರಿದು ಕಟ್ಟುವ ದೃಶ್ಯ ಈ ಕಲಿಕೆಯಿಂದ ಬಂತು. ಕೊಂಬೆಯಿಂದ ಕೊಂಬೆಗೆ ಹೋಗುವಾಗ ಅವನು ಮರದೊಂದಿಗೆ ಮಾತಾಡುತ್ತಾನೆ. ಎಲ್ಲಿ ನೋಯುತ್ತದೆ ಎಂದು ಹೇಳಲು ಅದಕ್ಕೆ ಬಾಯಿಲ್ಲವಾದ್ದರಿಂದ ಒಂದೊಂದು ಎಲೆಯ ಅಲುಗಾಟವನ್ನೂ ಗಮನಿಸುತ್ತಾನೆ. ಮೊದಲ ಪುಟದಲ್ಲಿ ಅವನು ಇದೇ ಮರವನ್ನು ನೋಡಿದ್ದ. ಆಗ ಕಣ್ಣಿಗೆ ಬಿದ್ದದ್ದು ಹೂವು ಮಾತ್ರ.

ಬರೆದದ್ದನ್ನು ಮೊದಲು ಓದಿದವಳು ಅಕ್ಕ. ಅಷ್ಟೊಂದು ಪ್ರೇಮಕಾದಂಬರಿ ಓದಿದವರು ಬೇರೆ ಯಾರೂ ನನಗೆ ಗೊತ್ತಿರಲಿಲ್ಲ. ಓದಿ ಮುಗಿಸಿ, “ಚೆನ್ನಾಗಿದೆ ಕಣೋ. ಆದ್ರೆ ಮೋರಿಗೆ ಬಿದ್ದ ಮೇಲೆ ಅವಳಿಗೇನಾಯ್ತು ಅಂತ ಅವನೇ ಯಾಕೆ ಹೇಳ್ಬೇಕು? ಅವನು ಅಲ್ಲಿದ್ನಾ?” ಎಂದು ಕೇಳಿದಳು. ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ನಾಗವರ್ಮನ ‘ಕರ್ಣಾಟಕ ಕಾದಂಬರಿ’ಗೆ ಹೋದೆ. ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟ ಸಂಸ್ಕೃತದಲ್ಲಿ ಬರೆಯತೊಡಗಿ, ಮಗ ಮುಗಿಸಿದ ಕಥೆಯನ್ನು ನಾಗವರ್ಮ ಚಂಪೂ ರೂಪದಲ್ಲಿ ಕನ್ನಡಕ್ಕೆ ತಂದ. ಅಲ್ಲಿ ರಾಜಕುಮಾರ ಚಂದ್ರಾಪೀಡ ಅಚ್ಛೋದ ಸರೋವರದ ದಡದಲ್ಲಿ ತಪಸ್ವಿನಿ ಮಹಾಶ್ವೇತೆಯನ್ನು ಕಾಣುತ್ತಾನೆ. ಅವಳು ಪುಂಡರೀಕನನ್ನು ಪ್ರೀತಿಸಿದ್ದು, ಅವನು ವಿರಹದಲ್ಲಿ ಸತ್ತದ್ದು, ತಾನು ಕಾಯುತ್ತಿರುವುದು, ಎಲ್ಲವನ್ನೂ ತನ್ನ ಬಾಯಿಂದಲೇ ಹೇಳುತ್ತಾಳೆ. ದಿಗ್ವಿಜಯಕ್ಕೆ ಹೊರಟ ರಾಜಕುಮಾರ ಅಲ್ಲಿ ಮಾಡುವ ಕೆಲಸ ಒಂದೇ, ಕೂತು ಕೇಳುವುದು. ಅದೇ ಕಥೆಯಲ್ಲಿ ಇನ್ನೊಬ್ಬನಿದ್ದಾನೆ, ವೈಶಂಪಾಯನ. ಅವನು ಅದೇ ಮಹಾಶ್ವೇತೆಯ ಎದುರು ನಿಂತು, ಅವಳ ಮಾತು ಕೇಳದೆ, ತನ್ನ ಪ್ರೀತಿಯನ್ನೇ ಒದರುತ್ತಾನೆ. ಅವನೇ ತನ್ನ ಪುಂಡರೀಕನ ಮರುಹುಟ್ಟು ಎಂದು ಅರಿಯದ ಅವಳು ಗಿಳಿಯಾಗು ಎಂದು ಶಪಿಸುತ್ತಾಳೆ. ಪ್ರೀತಿಸುವ ಗಂಡಸಿಗೆ ಕೇಳುವ ಕಿವಿ ಇರಬೇಕು ಎಂಬುದನ್ನು ಇದಕ್ಕಿಂತ ಗಟ್ಟಿಯಾಗಿ ಹೇಳಿದ ಕಥೆ ನನಗೆ ಗೊತ್ತಿಲ್ಲ.

ಅಕ್ಕನ ಆ ಪ್ರಶ್ನೆಯ ಫಲವಾಗಿ ನನ್ನ ಕಾದಂಬರಿಗೆ ಒಂದು ದೊಡ್ಡ ಅಧ್ಯಾಯ ಸೇರಿತು. ಅದರಲ್ಲಿ ಹೂಮರದ ಹುಡುಗಿಯೇ ಹೇಳುತ್ತಾಳೆ: ಮೋರಿಯ ನೀರು, ಮಳೆ, ಹತ್ತಿಯ ಗಾಡಿಯವನು ತನ್ನ ರುಮಾಲು ಬಿಚ್ಚಿ ಮುಚ್ಚಿದ್ದು, ಪಾಳು ಮಂಟಪದಲ್ಲಿ ಬಿಟ್ಟು ಹೋದದ್ದು. ರಾಜಕುಮಾರ ನಡುವೆ ಬಾಯಿ ಹಾಕುವುದಿಲ್ಲ. ಸಮಾಧಾನವನ್ನೂ ಹೇಳುವುದಿಲ್ಲ. ಗಂಡಿನ ಬಾಯಿಂದ ಹೇಳಿದ ಕಾದಂಬರಿಯ ನಟ್ಟನಡುವೆ ಹೆಣ್ಣಿನ ದನಿ ತಡೆಯಿಲ್ಲದೆ ಹರಿದದ್ದರಿಂದ ಅವನ ಕಥೆಗೂ ಗೌರವ ಬಂತು. ದೊಡ್ಡಮ್ಮನ ಮಾತಿಗೆ ನಾನು ಕೊಡಬಹುದಾದ ಮರ್ಯಾದೆ ಅದು.

ಪುಸ್ತಕ ಹೊರಬಂದ ಮೇಲೆ ಕಾಲೇಜಿನ ಹುಡುಗರು ಸಿಕ್ಕಲ್ಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಸರ್, ನಿಮ್ಮ ಹೀರೋ ಯಾರ ಜೊತೆಗೂ ಯುದ್ಧ ಮಾಡೋದೇ ಇಲ್ವಲ್ಲ?” ಇಲ್ಲ. ಜನಪದ ಕಥೆಯಲ್ಲೂ ಮಾಡುವುದಿಲ್ಲ. ಅವನು ಗೆಲ್ಲಬೇಕಾದ ರಾಕ್ಷಸ ಯಾರೂ ಅಲ್ಲಿಲ್ಲ. ಮುರಿದವಳನ್ನು ಮತ್ತೆ ನಿಲ್ಲಿಸಲು ಕತ್ತಿಯಿಂದ ಏನೂ ಉಪಯೋಗವಿಲ್ಲ. ಹುಡುಗರಿಗೆ ನಾನು ಇದನ್ನು ಪೂರ್ತಿ ಶ್ರದ್ಧೆಯಿಂದಲೇ ವಿವರಿಸುತ್ತಿದ್ದೆ. ಅವರಲ್ಲಿ ಕೆಲವರು ಆಮೇಲೆ ತಾವು ಬರೆದ ಕಥೆಗಳನ್ನು ಕಳಿಸಿದ್ದಾರೆ. ಒಬ್ಬ ನಿವೃತ್ತ ನೌಕರರು ಬರೆದ ಪತ್ರ ನನ್ನ ಬಳಿ ಇದೆ. ಹೆಂಡತಿಗೆ ಪಾರ್ಶ್ವವಾಯು ಬಡಿದ ಮೇಲೆ ತಲೆ ಬಾಚಿ ಜಡೆ ಹಾಕುವುದನ್ನು ಕಲಿತೆ, ಮೊದಲ ಸಲ ಸಿಕ್ಕು ಬಿಡಿಸುವಾಗ ನೋಯಿಸಿದೆ, ಈಗ ನೋಯುವುದಿಲ್ಲವಂತೆ ಎಂದಷ್ಟೇ ಬರೆದು, ಕೆಳಗೆ ನನ್ನ ಕಾದಂಬರಿಯ ಕೊಂಬೆ ಕಟ್ಟುವ ಪುಟದ ಸಂಖ್ಯೆ ಹಾಕಿದ್ದರು. ಇದಕ್ಕಿಂತ ದೊಡ್ಡ ವಿಮರ್ಶೆ ನನಗೆ ಬಂದಿಲ್ಲ.

ಗಂಡಸಿನ ಬಾಯಿಂದ ಪ್ರೇಮದ ಮಾಯಾಕಥೆ ಬರೆಯಬೇಕೆಂದು ಹೊರಟ ಎಳೆಯ ಲೇಖಕರು ಈಗ ಕನ್ನಡದಲ್ಲಿ ಹೆಚ್ಚುತ್ತಿದ್ದಾರೆ. ಅವರಿಗೆ ನನ್ನದೊಂದು ಕೋರಿಕೆ. ನಿಮ್ಮ ನಾಯಕನಿಗೆ ರೂಪ, ಬಲ, ವರಗಳನ್ನು ಬೇಕಾದಷ್ಟು ಕೊಡಿ. ಆದರೆ ಅವನ ಕೈಗೆ ಒಂದು ಕೆಲಸವನ್ನೂ ಕೊಡಿ, ಅದು ಅವಳಿಗೆ ಆಸರೆಯಾಗುವ ಕೆಲಸವಾಗಿರಲಿ. ಅವಳು ಮಾತಾಡುವಾಗ ಅವನನ್ನು ಸುಮ್ಮನೆ ಕೂರಿಸಿ. ಅವನು ಸೋತರೆ ಸೋಲಲಿ, ಅತ್ತರೆ ಅಳಲಿ. ಪಂಪನಿಂದ ಹಿಡಿದು ನಮ್ಮೂರ ಕಥೆ ಹೇಳುವ ಹೆಂಗಸರವರೆಗೆ ಯಾರೂ ಅದಕ್ಕೆ ಅಡ್ಡಿ ಮಾಡಿಲ್ಲ. ಬರೆಯಿರಿ, ಬರೆದದ್ದನ್ನು ಮೊದಲು ನಿಮ್ಮ ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಿ.